ಸತ್ತವರು ಯಾರು ಎಂದು ಕೇಳಿದ್ದಕ್ಕೆ

ವಾರ್ನಿಷ್ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ಸುಟ್ಟುಹೋದ ಮೋಟರಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕಿ, ಬಿಸಿ ಪೆಟ್ಟಿಗೆಯಲ್ಲಿ ಒಣಗಲು ಇಟ್ಟರೆ ಅಂಗಡಿಯ ಮುಂದೆ ಹೋಗುವವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಯಾರೊಂದಿಗಾದರೂ ವಾದ ಮಾಡಬೇಕು ಅನಿಸುತ್ತದೆ. ಇವತ್ತು ಬೆಳಿಗ್ಗೆಯೂ ಅನಿಸಿತು. ಬೀರೂರು ಸ್ಟೇಷನ್ನಿನ ಹತ್ತಿರ ಇರುವ ನನ್ನ ರಿವೈಂಡಿಂಗ್ ಅಂಗಡಿಯಲ್ಲಿ ದೇವನೂರಿನವರೊಬ್ಬರ ಬೋರ್‌ವೆಲ್ ಮೋಟರ್ ಒಣಗುತ್ತಿದೆ. ಇದು ಯಾವ ಬಗೆಯ ಕಾಯಿಲೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ವಾರ್ನಿಷ್ ಒಣಗಲು ಇನ್ನೂ ಹೊತ್ತಿದೆ.

ಕಾಯಿಲೆ ಅಂಟಿಸಿದವನು ಓಂಕಾರಪ್ಪ. ಅಂಗಡಿಯಲ್ಲಿ ನನ್ನ ಪಾಲುದಾರ, ಅಜ್ಜಂಪುರದವನು. ದಿನಾ ರೈಲಿನಲ್ಲಿ ಬಂದು ರೈಲಿನಲ್ಲೇ ಹೋಗುತ್ತಿದ್ದ. ತಂತಿ ಸುತ್ತುವ ಕೆಲಸದಲ್ಲಿ ಎರಡು ಕೈಗೂ ಬಿಡುವಿಲ್ಲ, ಬಾಯಿಗೆ ಮಾತ್ರ ರಜ. ಬೇರೆಯವರು ಆ ಬಾಯಿಗೆ ಎಲೆಅಡಿಕೆ ಹಾಕುತ್ತಾರೆ, ಇಲ್ಲವೆ ರಾಜಕೀಯ ಮಾತಾಡುತ್ತಾರೆ. ನಾವು ಹಾಳಾದದ್ದು ಬೇರೆ ದಾರಿಯಲ್ಲಿ. ಒಮ್ಮೆ ತರೀಕೆರೆ ಕಡೆಯ ರೈತರೊಬ್ಬರ ಮೋಟರಿಗೆ ತಂತಿ, ಬೇರಿಂಗು, ಶಾಫ್ಟು ಎಲ್ಲ ಹೊಸದು ಹಾಕಿದೆವು. ಅವರು ಅದನ್ನು ತಟ್ಟಿ ನೋಡಿ, "ನಮ್ಮಪ್ಪನ ಕಾಲದ್ದು ಕಣ್ರೀ, ಈಗಿನವೆಲ್ಲ ಹಿಂಗ್ ಬಾಳಿಕೆ ಬರಲ್ಲ" ಅಂದು ಹೊರಿಸಿಕೊಂಡು ಹೋದರು. ಅವರು ಅತ್ತ ಹೋದ ಮೇಲೆ ಓಂಕಾರಪ್ಪ ಕೇಳಿದ: "ಅಲ್ಲ ಕಣಯ್ಯ, ಅವರಪ್ಪನ ಕಾಲದ್ದು ಅಂತ ಅದ್ರಲ್ಲಿ ಏನ್ ಉಳ್ಕೊಂಡೈತೆ?" ಅದು ಅದೇ ಮೋಟರೋ ಬೇರೆಯದೋ ಎಂದು ಆ ವಾರವಿಡೀ ವಾದ. ಮುಂದೆ ದೇವರು, ಹಣೆಬರಹ, ಕನಸು, ಎಲ್ಲವೂ ನಮ್ಮ ಬೆಂಚಿನ ಮೇಲೆ ಬಂದವು. ಇದಕ್ಕೆ ತತ್ವಶಾಸ್ತ್ರ ಅನ್ನುತ್ತಾರೆ ಎಂದು ನಮಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಇದನ್ನು ಕೆಲಸಕ್ಕೆ ಬಾರದ ಮಾತು ಅನ್ನುತ್ತಿದ್ದಳು.

ಹೋದ ವರ್ಷ ಓಂಕಾರಪ್ಪ ತೀರಿಕೊಂಡ. ಎದೆನೋವು ಅಂದ, ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಆಗಿಹೋಯಿತು. ಪರಿಚಯದವರೆಲ್ಲ ಅಂಗಡಿಗೆ ಬಂದು ಕೂತು ಹೋದರು. "ಅವರ ಋಣ ಇದ್ದಿದ್ದೇ ಇಷ್ಟು, ಏನ್ ಮಾಡಕ್ಕಾಗುತ್ತೆ" ಅಂದರು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದರು. ನಾನು ಹೂಂ ಅಂದೆ. ಸಾವಿಗೆ ನಮ್ಮಲ್ಲಿ ಮಾತುಗಳು ಮೊದಲೇ ತಯಾರಾಗಿರುತ್ತವೆ. ಅವರದು ಅವರು ಹೇಳಿ, ನಮ್ಮದು ನಾವು ಹೇಳಿದರೆ ಮುಗಿಯಿತು. ಅವನ ಹೆಂಡತಿ ಗಿರಿಜಕ್ಕ ಭಾನುವಾರ ಭಾನುವಾರ ನನಗೆ ಫೋನ್ ಮಾಡುತ್ತಿದ್ದರು. ಕೊಬ್ಬರಿ ರೇಟು, ಗ್ಯಾಸು, ಮಂಡಿನೋವು, ಮಳೆ. ಓಂಕಾರಪ್ಪನ ಹೆಸರನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲಿ ಅಳುತ್ತಾರೋ ಎಂದು ನನಗೆ ಭಯ. ನಾನೇ ಎಲ್ಲಿ ಅತ್ತುಬಿಡುತ್ತೇನೋ ಎಂಬ ಭಯ ಅದಕ್ಕಿಂತ ಹೆಚ್ಚು. ಹೀಗೆ ಅವನ ಬಗ್ಗೆ ಮಾತಾಡಬೇಕಾದ ಇಬ್ಬರು ಬರೀ ಮಳೆಯ ಬಗ್ಗೆ ಮಾತಾಡಿಕೊಂಡು ವರ್ಷ ಕಳೆದೆವು.

ಅಂಗಡಿಯಲ್ಲಿ ಬಾಯಿಗೆ ಕೆಲಸವಿಲ್ಲದೆ ನನಗೆ ಹುಚ್ಚು ಹಿಡಿಯುವಂತಾಯಿತು. ಫೋನಿನಲ್ಲಿ ಏನೇನೋ ಹುಡುಕುತ್ತಿದ್ದಾಗ ಒಂದು ಗುಂಪು ಸಿಕ್ಕಿತು. ಎಲ್ಲೆಲ್ಲಿಯ ದೇಶದವರೋ ಸೇರಿ ಇಂಥವೇ ಪ್ರಶ್ನೆಗಳನ್ನು ಚರ್ಚಿಸುವ ಜಾಗ, ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಮೋಟರಿನ ಪ್ರಶ್ನೆಯನ್ನೇ ಅವರು ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿದ ಯಾವುದೋ ಹಳೇ ಹಡಗಿನ ಮೇಲೆ ಹಾಕಿ ಕಿತ್ತಾಡುತ್ತಿರುವುದನ್ನು ನೋಡಿ ನನಗಾದ ಸಂತೋಷ ಹೇಳತೀರದು. ಸೇರಿಕೊಂಡೆ. ತೊಂದರೆಯೆಂದರೆ ನನ್ನ ಇಂಗ್ಲಿಷು. ಓದಿದ್ದು ಐಟಿಐ, ಇಂಗ್ಲಿಷ್ ಕಲಿತದ್ದು ಪಂಪುಸೆಟ್ಟಿನ ಪೆಟ್ಟಿಗೆಯೊಳಗೆ ಬರುವ ಪುಸ್ತಿಕೆಗಳಿಂದ. ಆದ್ದರಿಂದ ನಾನು ಏನು ಬರೆದರೂ ಅದು ಎಚ್ಚರಿಕೆಯ ಫಲಕದ ಹಾಗಿರುತ್ತಿತ್ತು. ಮನಸ್ಸು ಬೇರೆ ಮಿದುಳು ಬೇರೆಯೇ ಎಂದು ಒಬ್ಬ ಕೇಳಿದ್ದಕ್ಕೆ, ಮೊದಲು ಮಿದುಳು ಸರಿಯಾಗಿ ಅಳವಡಿಸಿದೆಯೇ ಎಂದು ಖಚಿತಪಡಿಸಿಕೊಳ್ಳಿ, ನಂತರ ಮುಂದುವರಿಯಿರಿ ಎಂಬರ್ಥ ಬರುವಂತೆ ಬರೆದೆ. ಆತ ಅದನ್ನು ಬೈಗುಳವೆಂದು ತಿಳಿದ. ಕ್ಷಮೆ ಕೇಳೋಣವೆಂದರೆ ಪುಸ್ತಿಕೆಯಲ್ಲಿ ಅದಕ್ಕೆ ಮಾತೇ ಇರಲಿಲ್ಲ. ಪಂಪು ಮಾರುವವರು ಯಾವತ್ತು ಕ್ಷಮೆ ಕೇಳಿದ್ದಾರೆ? ಅಲ್ಲಿಂದ ಮುಂದೆ ಬಹಳ ದಿನ ಸುಮ್ಮನೆ ಓದುತ್ತಿದ್ದೆ.

ಹಾಗಿರುವಾಗ ಮೊನ್ನೆ ಒಂದು ಮಧ್ಯಾಹ್ನ ಒಬ್ಬಾಕೆ ಪ್ರಶ್ನೆ ಹಾಕಿದಳು. ಹೆಸರು ಮಾರ್ತಾ, ಯಾವುದೋ ಚಳಿ ದೇಶದವಳು. ಇಂಗ್ಲಿಷ್ ಅವಳಿಗೂ ಮನೆಮಾತಲ್ಲ. ಸತ್ತವನಿಗೆ ಸಾವಿನಿಂದ ನಷ್ಟವಿದೆಯೇ, ನಷ್ಟವನ್ನು ಅನುಭವಿಸಲು ಅವನೇ ಇಲ್ಲವಲ್ಲ, ಇದು ಪ್ರಶ್ನೆ. ತಕ್ಷಣ ಉತ್ತರಗಳು ಸಾಲುಗಟ್ಟಿದವು. ನಮ್ಮ ಕಡೆ ಯಾರಾದರೂ ಬಂದು ಇಂಥ ಮಾತು ಕೇಳಿದರೆ ಅವರ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಉತ್ತರ ಆಮೇಲಿನದು, ಮೊದಲು ಅವರನ್ನು ಕೂರಿಸಿ ನೀರು ಕೊಡುತ್ತೇವೆ. ಆ ಹೆಂಗಸನ್ನು ಏನಾಯಿತೆಂದು ವಿಚಾರಿಸದೆ ಈ ಜನ ವಾದಕ್ಕೆ ನಿಂತಿದ್ದಾರಲ್ಲ ಎಂದು ಸಿಟ್ಟು ಬಂತು. ಕೈ ಒರೆಸಿಕೊಂಡು, 'ನಿಮ್ಮ ಮನೆಯಲ್ಲಿ ಸತ್ತವರು ಯಾರು? ದಯವಿಟ್ಟು ತಿಳಿಸಿ' ಎಂದು ಬರೆದೆ.

ಗುಂಪನ್ನು ನೋಡಿಕೊಳ್ಳುವವನೊಬ್ಬ, ಖಾಸಗಿ ವಿಷಯ ಬೇಡ, ಚರ್ಚೆಯಷ್ಟೇ ಸಾಕು ಎಂದು ಗದರಿದ. ಆಮೇಲೆ ಮಾರ್ತಾಳ ಉತ್ತರ ಬಂತು. ಯಾರೂ ಸತ್ತಿಲ್ಲ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಇದು ಬರೀ ಪ್ರಶ್ನೆ. ನನಗೆ ನಾಚಿಕೆಯಾಯಿತು. ಯಾರೂ ಸಾಯದೆ ಸಾವಿನ ಬಗ್ಗೆ ಕೇಳುವವರೂ ಇರುತ್ತಾರೆ ಎಂದು ನನಗೆ ಹೊಳೆದಿರಲೇ ಇಲ್ಲ. ಇನ್ನು ಈ ಗುಂಪಿನ ಸಹವಾಸ ಸಾಕು ಎಂದು ಫೋನು ಪಕ್ಕಕ್ಕಿಡುವಷ್ಟರಲ್ಲಿ ಅವಳದೇ ಇನ್ನೊಂದು ಸಾಲು ಬಂತು. 'ನಿಮ್ಮ ಮನೆಯಲ್ಲಿ ಯಾರು?'

ಯೋಚಿಸಿ ನೋಡಿ. ಈ ಮಾತನ್ನು ಬೀರೂರಿನಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳುವುದೇಕೆ, ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವಳೊಬ್ಬಳು ಕೇಳಿದಾಗ ನಾನೇ ಬಾಯಿಬಿಟ್ಟು ಹೇಳಬೇಕಾಯಿತು. ನನ್ನ ಹತ್ತಿರವಿದ್ದ ಇಂಗ್ಲಿಷಿನಲ್ಲಿ ಋಣ, ಹಣೆಬರಹ, ಗಟ್ಟಿ ಮನಸ್ಸು ಯಾವುದೂ ಇರಲಿಲ್ಲ. ನನ್ನ ಸ್ನೇಹಿತ ಓಂಕಾರಪ್ಪ ಸತ್ತಿದ್ದಾನೆ, ನಾವು ಒಂದೇ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದೆವು, ಈಗ ಆ ಕಡೆ ಖಾಲಿ ಇದೆ. ಬರೆದದ್ದು ಇಷ್ಟೇ. ಕನ್ನಡದಲ್ಲಾಗಿದ್ದರೆ ಇದನ್ನು ಹೀಗೆ ಹೇಳುತ್ತಲೇ ಇರಲಿಲ್ಲ, ಸುತ್ತಿ ಬಳಸಿ ಎಲ್ಲಿಗೋ ಹೋಗುತ್ತಿದ್ದೆ. ಭಾಷೆ ಬಡವಾಗಿದ್ದಾಗ ತಪ್ಪಿಸಿಕೊಳ್ಳಲು ಸಂದಿಗೊಂದಿಗಳು ಇರುವುದಿಲ್ಲ. ಬರೆದು ಮುಗಿಸಿ, ಬಾಗಿಲಿಗೆ ಬೆನ್ನು ಮಾಡಿ ಕೂತು ಅತ್ತೆ. ಆಗ ಬಂದ ಗಿರಾಕಿಗೆ ವಾರ್ನಿಷ್ ಘಾಟು ಎಂದು ಹೇಳಿದೆ.

ಮಾರ್ತಾ ಸಮಾಧಾನ ಹೇಳಲಿಲ್ಲ. ನನ್ನ ಪ್ರಶ್ನೆಗೆ ನಿಮ್ಮ ಸ್ನೇಹಿತ ಏನು ಹೇಳುತ್ತಿದ್ದ ಎಂದು ಕೇಳಿದಳು. ಯಾವ ಮಾತಿಗೆ ಅವನು ಏನನ್ನುತ್ತಾನೆ ಎಂದು ಮೊದಲೇ ಹೇಳಬಲ್ಲವನು ನಾನು. ಇದಕ್ಕೆ ಮಾತ್ರ ತಡಕಾಡಿದೆ. ನಾವಿಬ್ಬರೂ ಅದೇಕೋ ಸಾವಿನ ತಂಟೆಗೆ ಹೋಗಿರಲಿಲ್ಲ. ವಿಚಾರಿಸಿ ತಿಳಿಸುತ್ತೇನೆ ಎಂದು ಬರೆದೆ. ವಿಚಾರಿಸಲು ಇದ್ದದ್ದು ಒಂದೇ ಮನೆ.

ಭಾನುವಾರ ಗಿರಿಜಕ್ಕನ ಫೋನಿಗೆ ಕಾಯದೆ ಅಜ್ಜಂಪುರದ ರೈಲು ಹತ್ತಿದೆ. ಅವರು ಕಾಫಿ ಕೊಟ್ಟರು. ಮಳೆಯ ವಿಷಯ ಆಯಿತು. ಲೋಟ ಕೆಳಗಿಟ್ಟು, "ಓಂಕಾರಪ್ಪ ಇದ್ದಿದ್ರೆ ಒಂದು ಮಾತು ಕೇಳ್ಬೇಕಿತ್ತು ಕಣಕ್ಕ" ಅಂದೆ. ಮಾರ್ತಾಳ ಪ್ರಶ್ನೆ ಹೇಳಿದೆ. ಕನ್ನಡದಲ್ಲಿ ಅದು ಇನ್ನಷ್ಟು ನಿಷ್ಠುರವಾಗಿ ಕೇಳಿಸಿತು. ಅವರು ಅಳುತ್ತಾರೆಂದು ನಾನು ನೆಲ ನೋಡುತ್ತಾ ಕೂತಿದ್ದರೆ, ಅವರು ನಕ್ಕರು.

"ನಿಮ್ ಅಂಗ್ಡಿ ಪ್ರಶ್ನೆ ಎಲ್ಲ ಈ ಮನೇಗೆ ಬರ್ತಿದ್ವು, ಗೊತ್ತಾ ನಿಮಗೆ? ಊಟಕ್ಕೆ ಕೂತ್ರೆ ಸಾಕು, ನಿನಗೇನ್ ಅನ್ಸುತ್ತೆ ಹೇಳೇ ಅನ್ನೋರು. ನಾನೊಂದ್ ಹೇಳೋದು, ಅವರೊಂದ್ ಹೇಳೋದು, ಜಗಳ ಆಗೋದು. ಬೆಳಿಗ್ಗೆ ಬಂದು ನಿಮಗೆ ಹೇಳ್ತಿದ್ದುದ್ರಲ್ಲಿ ಅರ್ಧ ನಂದು ಕಣಣ್ಣ."

ಓಂಕಾರಪ್ಪ ಯಾವ ಪ್ರಶ್ನೆಗೂ ಅದೇ ದಿನ ಉತ್ತರ ಕೊಟ್ಟವನಲ್ಲ. ನಾನು ಅದನ್ನು ಅವನ ಗಾಂಭೀರ್ಯ ಎಂದುಕೊಂಡಿದ್ದೆ.

"ಅವರು ಹೋದ್ಮೇಲೆ ನನ್ನ ಯಾರೂ ಏನೂ ಕೇಳೋದೇ ಇಲ್ಲ" ಅಂದರು ಗಿರಿಜಕ್ಕ. "ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ." ಆಗ ಇಬ್ಬರೂ ಅತ್ತೆವು, ಭಯಪಟ್ಟಿದ್ದಷ್ಟು ಕಷ್ಟವೇನೂ ಆಗಲಿಲ್ಲ. ಹೊರಡುವಾಗ ಅವರು ಪ್ರಶ್ನೆಯನ್ನು ಇನ್ನೊಂದು ಸಲ ಹೇಳಿಸಿಕೊಂಡರು. "ಯೋಚ್ನೆ ಮಾಡಿ ಹೇಳ್ತೀನಿ. ಆಯಮ್ಮಂಗೆ ಅವಸ್ರ ಇಲ್ಲ ತಾನೆ?" ಅಂದರು.

ಇವತ್ತು ಭಾನುವಾರವಲ್ಲ. ಆದರೂ ಈಗ ಗಿರಿಜಕ್ಕನ ಫೋನ್ ಬಂತು. ಕೊಬ್ಬರಿ, ಗ್ಯಾಸು ಏನೂ ಇಲ್ಲ, ನೇರ ವಿಷಯಕ್ಕೇ ಬಂದರು.

"ಅವರಾಗಿದ್ರೆ ಸತ್ತೋರಿಗೆ ನಷ್ಟ ಏನೂ ಇಲ್ಲ ಅಂತಿದ್ರು. ಖಂಡಿತ ಅಂತಿದ್ರು. ನಾನ್ ಒಪ್ಪಲ್ಲ. ಇಂಥಾ ಪ್ರಶ್ನೆ ಬಂದೈತೆ, ಅವರಿಗೆ ಸಿಗ್ಲಿಲ್ಲ. ನಷ್ಟ ಅಲ್ವಾ ಅದು?"

ನಾನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಇನ್ನೊಂದು ಮೋಟರಿಗೆ ತಂತಿ ಸುತ್ತುತ್ತಾ, ಓಂಕಾರಪ್ಪನ ಪರವಾಗಿ ವಾದ ಶುರು ಮಾಡಿದೆ.