ಕಚ್ಚಾ ಲೆಕ್ಕದ ಜಾಗ

ನಮ್ಮ ಗಣಿತದ ಸರ್ ಅವರ ಬಲಗೈ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದು ಓರೆಯಾಗಿತ್ತು. ಪ್ರತಿ ಜೂನ್‌ನಲ್ಲಿ ನಮ್ಮೆಲ್ಲರ ಗಣಿತದ ನೋಟ್‌ಬುಕ್ಕುಗಳನ್ನು ತರಿಸಿಕೊಂಡು, ಒಂದೊಂದು ಹಾಳೆಯ ಬಲಬದಿಯಲ್ಲಿ ನಾಲ್ಕು ಬೆರಳಷ್ಟು ಜಾಗ ಮಡಚಿ, ಆ ಉಗುರಿನಿಂದ ಗೀರಿ ಕೊಡುತ್ತಿದ್ದರು. ಮಡಿಕೆಯ ಆಚೆಗಿನದು ಕಚ್ಚಾ ಲೆಕ್ಕದ ಜಾಗ. ಗುಣಿಸಿದ್ದು, ಭಾಗಿಸಿದ್ದು, ದಾರಿ ತಪ್ಪಿ ತಿರುಗಿ ಬಂದದ್ದು ಎಲ್ಲವೂ ಅಲ್ಲಿರಬೇಕು. ರಬ್ಬರ್ ತರುವಂತಿರಲಿಲ್ಲ. ತಪ್ಪಾದರೆ ಒಂದೇ ಗೀಟು ಹಾಕಬೇಕು. ಗೀಟಿನ ಕೆಳಗಿರುವುದು ಓದಲು ಬರಬೇಕು. ತಿದ್ದುವಾಗ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ.

ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ನಾನು ಹತ್ತು ಲೆಕ್ಕಗಳಿಗೂ ಪುಸ್ತಕದ ಕೊನೆಯ ಪುಟ ನೋಡಿ ಉತ್ತರ ಬರೆದೆ. ಕಚ್ಚಾ ಜಾಗ ಖಾಲಿ ಇತ್ತು. ಸೊನ್ನೆ ಕೊಟ್ಟರು.

“ಉತ್ತರ ಸರಿ ಐತಲ್ರಿ ಸರ್,” ಎಂದೆ.

“ಉತ್ತರ ಪುಸ್ತಕದ್ದವಾ. ನಿಂದೆಲ್ಲೈತಿ?”

ತರಗತಿ ನಕ್ಕಿತು. ಸರ್ ನಗಲಿಲ್ಲ.

ಮುಂದೆ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಹುನಗುಂದದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸತೊಡಗಿದೆ. ಇರುವುದು ಇಳಕಲ್ಲಿನ ನಮ್ಮ ಮನೆಯಲ್ಲೇ. ಸರ್ ಅದೇ ಓಣಿಯವರು. ನಿವೃತ್ತರಾದ ಮೇಲೆ ಸಂಜೆ ಪೇಪರ್ ಓದಲು ನಮ್ಮಲ್ಲಿಗೆ ಬರುತ್ತಿದ್ದರು. ಎದುರುಮನೆಯ ಮಗ್ಗದ ಸದ್ದಿಗೆ ಒಗ್ಗಿದ ಅವರ ಕಿವಿ ಒಂದು ದಿನ ನನ್ನ ಲ್ಯಾಪ್‌ಟಾಪಿನ ಫ್ಯಾನಿನ ಸದ್ದನ್ನು ಹಿಡಿಯಿತು.

“ಏನವಾ ಇದು, ಗಿರಣಿ ಹಂಗ ಸದ್ದ ಮಾಡಾಕತ್ತೈತಿ?”

ಹೇಳಿದೆ: ಎಐ ಮಾಡೆಲ್, ಸಣ್ಣದು. ಒಮ್ಮೆ ಇಳಿಸಿಕೊಂಡರೆ ಈ ಕಂಪ್ಯೂಟರಿನೊಳಗೇ ನಡೆಯುತ್ತದೆ, ಇಂಟರ್‌ನೆಟ್ ಬೇಡ. ನನ್ನದು ಹಳೆಯ ಲ್ಯಾಪ್‌ಟಾಪ್ ಆದ್ದರಿಂದ ನಿಧಾನ. ಉತ್ತರ ಕೊಡುವ ಮೊದಲು ತನ್ನ ಯೋಚನೆಯನ್ನೆಲ್ಲ ಬರೆದು ತೋರಿಸುತ್ತದೆ.

“ಅಂದ್ರ ಕಚ್ಚಾ ತೋರಸ್ತೈತಿ?” ಎಂದು ಕುರ್ಚಿ ಎಳೆದುಕೊಂಡರು.

ಎರಡು ನಳ ತುಂಬುವ, ಒಂದು ತೂತು ಸೋರುವ ತೊಟ್ಟಿಯ ಲೆಕ್ಕ ಕೊಟ್ಟರು. ಮಾಡೆಲ್ ಸೋರುವುದನ್ನೂ ತುಂಬುವುದೆಂದೇ ಹಿಡಿದು ಅರ್ಧ ದಾರಿ ಹೋಯಿತು. ಆಮೇಲೆ ತಾನೇ ನಿಂತು, ಇದು ತಪ್ಪು ಎಂದು ಬರೆದು, ಮೊದಲಿನಿಂದ ಶುರುಮಾಡಿತು. ಸರ್ ಪರದೆಯ ಹತ್ತಿರಕ್ಕೆ ಬಾಗಿದರು.

“ಅಳಿಸಿಲ್ಲ ನೋಡು. ತಪ್ಪು ಹಂಗ ಬಿಟ್ಟೈತಿ. ನಿಮ್ಮ ಬ್ಯಾಚಿನಾಗ ಇಂಥಾದು ಒಂದೂ ಇರಲಿಲ್ಲ.”

“ನಾ ಇದ್ದೆನಲ್ರಿ ಸರ್.”

“ನೀ ಕೊನೀ ಪುಟ ನೋಡಿ ಬರದಾಕಿ, ಸುಮ್ನಿರು.”

ವಾರದ ನಂತರ, ಭಾನುವಾರ ಮಧ್ಯಾಹ್ನ, ಸರ್ ತಮ್ಮ ಹಳೆಯ ಜಾಮಿಟ್ರಿ ಡಬ್ಬಿ ಹಿಡಿದು ಬಂದರು. ಕೋನಮಾಪಕದ ಕೆಳಗೆ ಅವರದೇ ರಕ್ತಪರೀಕ್ಷೆಯ ಎರಡು ಲ್ಯಾಬ್ ವರದಿಗಳು ಮಡಚಿಟ್ಟಿದ್ದವು. ಎರಡರ ನಡುವೆ ನಾಲ್ಕು ತಿಂಗಳ ಅಂತರ. ಯಾವ ಡಾಕ್ಟರಿಗೂ ತೋರಿಸಿರಲಿಲ್ಲ.

“ಇದಕ್ಕ ಹೇಳಿದ್ದು ಹೊರಗ ಹೋಗಂಗಿಲ್ಲಲ್ಲ?”

ನೆಟ್ ಬಂದ್ ಮಾಡಿ ತೋರಿಸಿದೆ.

“ಕಂಪ್ಯೂಟರ್ ಸುಮ್ನಿರತೈತಿ, ಖರೆ. ನೀ?”

“ನಾನೂ ಸುಮ್ನಿರತೇನ್ರಿ.”

“ಗೊತ್ತೈತಿ. ಅದಕ್ಕ ಬಂದೇನಿ.”

ಅವರ ಹೆಂಡತಿ, ನಾವೆಲ್ಲ ಅಮ್ಮಾರ ಎನ್ನುವವರು, ತಮ್ಮ ಅಣ್ಣನ ಕಿಡ್ನಿ ಕಾಯಿಲೆಯಲ್ಲಿ ಆರು ವರ್ಷ ಆಸ್ಪತ್ರೆಗೆ ಓಡಾಡಿದವರು. “ಆಕಿ ಮತ್ತ ಅದ ದವಾಖಾನಿ ಬಾಕಿನ ಮ್ಯಾಲ ಕುಂದ್ರೂದು ಬ್ಯಾಡ. ಸುಮ್ಮ ಬಿಟ್ಟರ ನಡೀತೈತೇನು, ಅಷ್ಟ ಕೇಳು,” ಎಂದರು ಸರ್.

ಅಂಕಿಗಳನ್ನು ಹಾಕಿದೆ. ಪರದೆ ನನ್ನ ಕಡೆಗಿತ್ತು. ಮಾಡೆಲ್ ಯೋಚಿಸುತ್ತ ಒಂದೊಂದೇ ಸಾಲು ಬರೆಯಿತು. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ: ಐದು ತಿಂಗಳಲ್ಲಿ ಕ್ರಿಯಾಟಿನಿನ್ ಅಂಕಿ ಎರಡು ಪಟ್ಟಾಗಿದೆ, ಕಿಡ್ನಿ ಬಹುಮಟ್ಟಿಗೆ ಸೋತಿರಬಹುದು, ಕಾಯುವುದು ಅಪಾಯ, ಆದರೆ ಕೇಳುವವರು ವಯಸ್ಸಾದವರು, ಹೆದರಿಸಬಾರದು. ಅದರ ಕೆಳಗೆ ಉತ್ತರ: ಇದಕ್ಕೆ ಹಲವು ಕಾರಣಗಳಿರಬಹುದು, ಗಾಬರಿ ಬೇಡ, ಅನುಕೂಲ ನೋಡಿ ವೈದ್ಯರನ್ನು ಕಾಣಿರಿ.

ಯೋಚನೆಯ ಭಾಗವನ್ನು ಒಂದು ಕ್ಲಿಕ್ಕಿನಲ್ಲಿ ಮುಚ್ಚಬಹುದು. ಮುಚ್ಚಿದೆ. ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದೆ.

ಸರ್ ಓದಿದರು. ಮುಖ ಹಗುರಾಯಿತು. “ಗಾಬರಿ ಇಲ್ಲಂತ. ಹಂಗಾದ್ರ ದೀಪಾವಳಿ ಮುಗೀಲಿ, ಆಮ್ಯಾಲ ನೋಡೂಣು.” ವರದಿಗಳನ್ನು ಮಡಚಿ ಡಬ್ಬಿಗೆ ಹಾಕುತ್ತಿದ್ದವರು ಅರ್ಧಕ್ಕೆ ನಿಂತರು.

“ಕಚ್ಚಾ ಎಲ್ಲೈತಿ?”

ನಾನು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿಕೊಳ್ಳಹೋದೆ.

“ಮುಚ್ಚೀಯೇನು?”

“ಹೌದ್ರಿ.”

“ತಗಿ.”

ತೆಗೆದೆ. ಎರಡು ಸಲ ಓದಿದರು. ವರದಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿ ತಾಳೆ ನೋಡಿದರು. “ನಾಕ ತಿಂಗಳಿಗೆ ಐದು ಅಂತ ಎಣಿಸೈತಿ. ಇರಲಿ, ದಾರಿ ಸರಿ ಐತಿ,” ಎಂದರು. ತರಗತಿಯಲ್ಲಿ ತಿದ್ದುವಾಗಿನ ದನಿಯೇ. ಚಹಾ ಬೇಡವೆಂದು ಎದ್ದು ಹೋದರು.

ಮರುದಿನ ಬಾಗಲಕೋಟೆಯ ಮೊದಲ ಬಸ್ಸಿಗೆ ಸರ್ ಮತ್ತು ಅಮ್ಮಾರ ಜೊತೆಯಾಗಿ ಹೋದರು. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಅಲ್ಲಿಯವರೆಗೆ ಕಾದಿದ್ದರೆ ಕೈಮೀರುತ್ತಿತ್ತೆಂದು ಅಲ್ಲಿನ ಡಾಕ್ಟರ್ ಹೇಳಿದರಂತೆ. ಅಂದಿನಿಂದ ವಾರಕ್ಕೆರಡು ಸಲ ಡಯಾಲಿಸಿಸ್. ಅಮೀನಗಡದ ಸಿಹಿತಿಂಡಿ ಕರದಂಟು ಅವರಿಗೆ ಪ್ರಾಣ, ಅದನ್ನು ಬಿಡಿಸಿದ್ದರು. “ಅಮೀನಗಡದಾಗ ಬಸ್ ನಿಂತಾಗ ಅಂಗಡಿ ಕಡೆ ನೋಡ್ತೇನಿ. ನೋಡಬ್ಯಾಡ ಅಂತ ಡಾಕ್ಟರ್ ಹೇಳಿಲ್ಲ,” ಎನ್ನುತ್ತಿದ್ದರು. ಆ ಭಾನುವಾರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ವರ್ಷದ ಮೇಲೆ ಕೆಲವು ದಿನ ಕಳೆದು ಸರ್ ತೀರಿಕೊಂಡರು. ಅಮ್ಮಾರ ನನ್ನನ್ನು ಕರೆಸಿ ಜಾಮಿಟ್ರಿ ಡಬ್ಬಿಯನ್ನು ಕೈಗಿಟ್ಟರು.

“ನೀ ತೋರಿಸಲಿಲ್ಲಂದ್ರ ನನಗ ಈ ಒಂದು ವರ್ಷ ಸಿಗತಿದ್ದಿಲ್ಲವಾ.”

ಸುಮ್ಮನಿರುವುದು ನನಗೆ ಸುಲಭ. ಆದರೂ ಹೇಳಿದೆ. “ನಾ ತೋರಿಸಲಿಲ್ರಿ ಅಮ್ಮಾರ. ಮುಚ್ಚಿದ್ದೆ.”

“ಗೊತ್ತೈತಿ. ಬಸ್ಸಿನಾಗ ಎಲ್ಲಾ ಹೇಳ್ಯಾರ. ಡಬ್ಬಿ ತಗದು ನೋಡು.”

ಕೋನಮಾಪಕದ ಕೆಳಗೆ ಅದೇ ವರದಿ. ಹಿಂಬದಿಯಲ್ಲಿ ಪೆನ್ಸಿಲಿನ ಲೆಕ್ಕ, ಅದರ ಕೆಳಗೆ ಕೆಂಪು ಶಾಯಿ. ‘ಯಂತ್ರ: ವಿಧಾನ ಸರಿ. ಉತ್ತರ ಬರೆಯಲು ಹೆದರಿದೆ. ಹತ್ತಕ್ಕೆ ಐದು.’ ಮುಂದಿನ ಸಾಲಿನಲ್ಲಿ ನನ್ನ ಹೆಸರು. ‘ಕಚ್ಚಾ ಮುಚ್ಚಿದ್ದಾಳೆ. ಹತ್ತಕ್ಕೆ ಸೊನ್ನೆ.’

ಸೊನ್ನೆಯ ಪಕ್ಕದಲ್ಲಿ ಮೊದಲು ಬೇರೊಂದು ಅಂಕಿ ಬರೆದು ಒಂದೇ ಗೀಟು ಹಾಕಿದ್ದಾರೆ. ಗೀಟಿನ ಕೆಳಗೆ ಓದಲು ಬರುತ್ತದೆ. ಎಂಟು.