ಒಡೆದ ಮೇಲೆ ಹೇಳಿದ ರೇಟು

ಸುಧಾಕರ ಬಚ್ಚಲು ರಿಪೇರಿ ಮಾಡಲು ಬಂದದ್ದಲ್ಲ, ನನ್ನ ಬಾಯಿ ಮುಚ್ಚಿಸಿ ದುಡ್ಡು ಕೀಳಲು ಬಂದದ್ದು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಯದ ಮಾತು.

ತಲ್ಲೂರಿನಲ್ಲಿ ನನ್ನದೊಂದು ಸಣ್ಣ ಬಾಡಿಗೆ ಮನೆ ಇದೆ. (ಅಪ್ಪ ಕೊಟ್ಟದ್ದಲ್ಲ, ಗಂಡ ಕೊಟ್ಟದ್ದೂ ಅಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ಕಟ್ಟಿಸಿದ್ದು.) ಅದರಲ್ಲಿ ಶಾಲಿನಿ ಇದ್ದಾಳೆ. ಗಂಡ ತೀರಿಹೋಗಿದ್ದಾನೆ, ಎರಡು ಹೆಣ್ಣುಮಕ್ಕಳು, ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಕೆಲಸ. ಬಚ್ಚಲಿನ ನೀರು ಅಡುಗೆಮನೆ ಗೋಡೆಗೆ ಇಳಿಯುತ್ತಿದೆ ಎಂದು ಅವಳು ಫೋನ್ ಮಾಡಿದಳು. ನಾನು ಸುಧಾಕರನಿಗೆ ಹೇಳಿ ಕಳಿಸಿದೆ. ಅವನು ನನ್ನ ಗಂಡನ ಕಡೆಯ ಸಂಬಂಧ, ನಾನು ಅವನಿಗೆ ಚಿಕ್ಕಮ್ಮ. ಈಗ ದೊಡ್ಡ ಕಂಟ್ರಾಕ್ಟರ್.

ಬಂದ, ನೋಡಿದ, ಗೋಡೆ ಬಡಿದ.

“ಎಷ್ಟ್ ಆತ್ತ್ ಮಾರಾಯ?” ಎಂದು ಕೇಳಿದೆ.

“ನಿಮ್ಮತ್ರ ಎಂತ ರೇಟ್ ಮಾತಾಡುದ್ ಚಿಕ್ಕಿ? ನಾನೆಂತ ಹೊರ್ಗಿನವ್ನಾ? ಕೆಲ್ಸ ಆಯ್ಲಿ, ಮತ್ತ್ ಕಾಂಬ.”

ನಮ್ಮ ಕಡೆ ಈ ಮಾತಿಗೆ ಎದುರು ಮಾತಿಲ್ಲ. ಗುರುತಿನವನ ಹತ್ತಿರ ಮೊದಲೇ ರೇಟು ಕೇಳಿದರೆ ಅವನ ಮರ್ಯಾದೆ ತೆಗೆದ ಹಾಗೆ. ನಾನೂ ಕೆಲಸ ಶುರು ಮಾಡಲು ಹೇಳಿದೆ.

ಸೋಮವಾರ ಅವನ ಮೇಸ್ತ್ರಿ, ಜೊತೆಗೊಬ್ಬ ಆಳು ಬಂದು ನೆಲವನ್ನೆಲ್ಲ ಒಡೆದು ಹಾಕಿದರು. ಕಮೋಡ್ ಕಿತ್ತು ಅಂಗಳದಲ್ಲಿಟ್ಟರು. ಸಂಜೆ ಸುಧಾಕರ ಫೋನ್ ಮಾಡಿ ರೇಟು ಹೇಳಿದ. ನಾಲ್ಕು ದಿನದ ಕೆಲಸ, ನಲವತ್ತೆಂಟು ಸಾವಿರ. ಇಬ್ಬರು ಒಟ್ಟಿಗೆ ನಿಂತರೆ ಮೈ ತಾಗುವ ಬಚ್ಚಲಿಗೆ.

“ಯಾವ್ದಕ್ಕ್ ಎಷ್ಟ್? ಬೇರೆ ಬೇರೆ ಹೇಳ್ ಕಾಂಬ.”

“ಅದ್ ಒಟ್ಟ್ ರೇಟ್ ಚಿಕ್ಕಿ. ಟೈಲ್ಸು, ವಾಟರ್‌ಪ್ರೂಫು, ಲೇಬರು ಎಲ್ಲ ಸೇರಿ. ನಂಬ್ಕಿ ಇಲ್ಯಾ ನನ್ ಮೇಲೆ?”

“ನಂಬ್ಕಿ ಇತ್ತ್. ಲೆಕ್ಕ ಹೇಳ್.”

“ನಿಮ್ಗ್ ಭಾರ ಆದ್ರೆ ಬಾಡ್ಗಿ ಎರಡ್ ಸಾವ್ರ ಏರ್ಸಿ. ಆ ಹೆಣ್ಣ್ ಎಲ್ಲಿಗ್ ಹೋತ್ತ್?”

ಇದಕ್ಕೆ ನನಗೆ ಸಿಟ್ಟು ಬಂದದ್ದು. ಬಚ್ಚಲು ಒಡೆದು ಹಾಕಿದ ಮೇಲೆ ನಾನೂ ಎಲ್ಲಿಗೂ ಹೋಗುವಂತಿಲ್ಲ, ಅವಳೂ ಹೋಗುವಂತಿಲ್ಲ. ಅದು ಅವನಿಗೆ ಗೊತ್ತು. ಅದಕ್ಕೇ ಮೊದಲು ಒಡೆಯುವುದು, ಆಮೇಲೆ ಹೇಳುವುದು.

ನಾನು ಮೀನು ಮಾರುವಾಗ ಬಂಗುಡೆಯ ಕಿವಿರು ಎತ್ತಿ ನೋಡದ ಹೆಂಗಸೇ ಇರಲಿಲ್ಲ. ಹೊಟ್ಟೆ ಒತ್ತುವವರು ಎಷ್ಟೋ ಜನ. “ನಿನ್ನೆದಾ ಇದ್?” ಎಂದು ಮುಖಕ್ಕೇ ಕೇಳುವವರು. ಹತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ. “ನನ್ನ ಮೇಲೆ ನಂಬಿಕೆ ಇಲ್ಲವಾ?” ಎಂದು ನಾನು ಒಂದು ದಿನವೂ ಕೇಳಿಲ್ಲ. ಮೀನು ಮಾರುವವಳಿಗೆ ಇಲ್ಲದ ಮಾನ ಕಂಟ್ರಾಕ್ಟರ್‌ಗೆ ಎಲ್ಲಿಂದ ಬಂತು? ಬಂಗುಡೆಗೆ ಜಗಳ ಮಾಡುವ ನಾವು ಬಚ್ಚಲಿಗೆ ಯಾಕೆ ಬಾಯಿ ಬಿಡುವುದಿಲ್ಲ?

ಮಂಗಳವಾರ ಕುಂದಾಪುರಕ್ಕೆ ಹೋದೆ. ಎರಡು ಅಂಗಡಿ ಹತ್ತಿ ಇಳಿದೆ. ಟೈಲ್ಸಿಗೆ ಎಷ್ಟು, ಸಿಮೆಂಟಿಗೆ ಎಷ್ಟು, ನೀರು ಇಳಿಯದ ಹಾಗೆ ಬಳಿಯುವ ಆ ಡಬ್ಬಕ್ಕೆ ಎಷ್ಟು ಎಂದು ಕೇಳಿದೆ. (ಅಂಗಡಿಯ ಹುಡುಗಿ ಬೇಸರಿಸದೆ ಹೇಳಿದಳು. ಲೆಕ್ಕ ಕೇಳಿದ್ದಕ್ಕೆ ಯಾರ ಮರ್ಯಾದೆಯೂ ಹೋಗಲಿಲ್ಲ.) ಒಳ್ಳೆಯ ಮಾಲೇ ಹಾಕಿದರೂ ಸಾಮಾನು ಹದಿನೈದು ಸಾವಿರ ದಾಟುವುದಿಲ್ಲ. ಹಾಗಾದರೆ ಉಳಿದದ್ದೆಲ್ಲ ಕೂಲಿಯೇ? ಎರಡು ಜನರ ನಾಲ್ಕು ದಿನದ ಕೆಲಸಕ್ಕೆ?

ಬರುವಾಗ ಶಾಲಿನಿಯ ಮನೆಗೆ ಹೋದೆ. ಮಕ್ಕಳಿಬ್ಬರೂ ಪಕ್ಕದ ಮನೆಯ ಬಚ್ಚಲಿಗೆ ಹೋಗಿ ಬರುತ್ತಿದ್ದರು. ಅವಳು ಚಾಪೆ ಹಾಕಿ ನನ್ನನ್ನು ಕೂರಿಸಿ, ನಿಂತುಕೊಂಡೇ ಕೇಳಿದಳು.

“ಬಾಡ್ಗಿ ಏರ್ಸ್ತ್ರಾ ಅಮ್ಮ? ಕಂಟ್ರಾಕ್ಟರ್ ಹೇಳಿದ್ರ್. ಏರ್ಸಿದ್ರೆ ನಂಗ್ ಕೊಡುಕ್ ಆತಿಲ್ಲೆ. ಯಡ್ತರೆಗ್ ತಂಗಿ ಮನಿಗ್ ಹೋಯ್ಕ್. ಮಕ್ಕಳ್ ಶಾಲಿ ಬಿಡ್ಸ್ಕಾತ್ತ್.”

ನನ್ನ ಮನೆಯ ಬಾಡಿಗೆಯನ್ನು ಅವನು ನನಗಿಂತ ಮೊದಲೇ ಏರಿಸಿ ಆಗಿತ್ತು.

“ಬಾಡ್ಗಿ ಏರುದಿಲ್ಲೆ. ನೀ ಎಲ್ಲಿಗೂ ಹೋಪುದ್ ಬ್ಯಾಡ,” ಎಂದು ಎದ್ದು ಬಂದೆ. ಹೇಳಿ ಬಂದದ್ದೇನೋ ಸರಿ. ಆದರೆ ಆ ದುಡ್ಡು ಎಲ್ಲಿಂದ ಬರಬೇಕು? ಸಾಮಾನಿನ ಲೆಕ್ಕ ಅಂಗಡಿಯಲ್ಲಿ ಸಿಕ್ಕಿತು. ಕೂಲಿಯ ಲೆಕ್ಕ ಗೊತ್ತಿರುವುದು ಅವನಿಗೂ ಅವನ ಆಳುಗಳಿಗೂ ಮಾತ್ರ. ಅವನು ಹೇಳುವುದಿಲ್ಲ.

ಬುಧವಾರ ಬೆಳಿಗ್ಗೆ, ಆಳುಗಳು ಪಿಕಪ್ ಹತ್ತುವ ಹೊತ್ತಿಗೆ ಸರಿಯಾಗಿ ಸುಧಾಕರನ ಅಂಗಳಕ್ಕೆ ಹೋದೆ. ಅವನ ಹೆಂಡತಿ ಚಾ ಕುಡಿಯಲು ಕರೆದಳು. ಬೇಡ ಎಂದೆ. ಅವನು ಹಲ್ಲುಜ್ಜುತ್ತಾ ಹೊರಗೆ ಬಂದ. ನಾನು ಅವನ ಕಡೆ ತಿರುಗಲೇ ಇಲ್ಲ. ಅವನ ಎದುರಿಗೇ ಕೇಳಿದೆ:

“ಹ್ವಾಯ್ ಮೇಸ್ತ್ರಿ, ಇವ ನಿಮ್ಗ್ ದಿನಕ್ಕ್ ಎಷ್ಟ್ ಕೊಡ್ತ?”