ದುಂಡವ್ವ ಮಾಡಿಸಿದ ಆಣೆ

ಕರೋಶಿಯಲ್ಲಿ ನಮ್ಮ ಪಕ್ಕದ ಮನೆಯ ದುಂಡವ್ವನಿಗೆ ಕುವೈತ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಕುರಿಹಿಂಡಿನ ಹಿಂದೆ ಯಡೂರಿನ ಹೊಳೆದಂಡೆಯವರೆಗೆ ನಡೆದವಳು. ಅದರಾಚೆ ಅವಳಿಗೆ ಬೇಕಾದದ್ದೇನೂ ಇರಲಿಲ್ಲ. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಅಂತಾರಲ್ಲ, ಕಾಲಡಿ ಸಿಕ್ಕ ಆ ಗಿಡ ಇವಳಾದಳು.

1990ರ ಮಳೆಗಾಲದಲ್ಲಿ ಅವಳ ಮಗ ಮಾಳಸಿದ್ದ ಸ್ವಂತ ಅಪ್ಪನನ್ನೇ ಕೊಡಲಿಯಿಂದ ಕಡಿದು ಕೊಂದ. ಅಪ್ಪ ಹಿಂಡಿಗೆ ವಿಷ ಹಾಕುತ್ತಾನೆಂದು ಕುರಿಗಳೇ ಅವನಿಗೆ ಹೇಳಿದ್ದವಂತೆ. ಅದಕ್ಕೂ ಎಷ್ಟೋ ಮೊದಲಿನಿಂದ ಕುರಿಗಳು ಅವನೊಡನೆ ಮಾತಾಡುತ್ತಿದ್ದವು. ಮನೆಯವರು ಮುಚ್ಚಿಟ್ಟಿದ್ದರು, ಹುಚ್ಚನಿರುವ ಮನೆ ಎಂಬ ಹೆಸರು ಬಂದರೆ ಬೀಗರು ಹೊಸ್ತಿಲು ತುಳಿಯುವುದಿಲ್ಲ. ಗಂಡನ ಮಣ್ಣು ಮುಗಿಸಿ ಬಂದ ದುಂಡವ್ವ ಮಗನನ್ನು ಶಪಿಸಲಿಲ್ಲ. ಅವಳಿಗೆ ಉಳಿದವನು ಅವನೊಬ್ಬನೇ.

ಮಾಳಸಿದ್ದ ಜೈಲು ಸೇರಿದ. ಅವನ ಪರ ವಕೀಲ ಜಿನ್ನಪ್ಪನವರು ಕೇಳಿಕೊಂಡ ಮೇಲೆ, ಅವನನ್ನು ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿಟ್ಟು ನೋಡಲಿ ಎಂದು ಕೋರ್ಟು ಹೇಳಿತು. ಅಲ್ಲಿ ಕೂತರೂ ನಿಂತರೂ ಗಮನಿಸುತ್ತಾರೆ. ವಾರಗಟ್ಟಲೆ ಯಾವ ಹುಚ್ಚೂ ಅಡಗಿ ಕೂರಲಾರದು. ಆದರೆ ಅತ್ತ ಕೊಲ್ಲಿಯಲ್ಲಿ ಕುವೈತಿನ ಎಣ್ಣೆಗಾಗಿ ಯುದ್ಧ ಶುರುವಾಗುವುದರಲ್ಲಿತ್ತು. ಇಲ್ಲಿ ಪಂಪುಗಳ ಮುಂದೆ ಡಬ್ಬಿ ಹಿಡಿದವರ ಪಾಳಿ, ಸರಕಾರಿ ಗಾಡಿಗಳಿಗೆ ಡೀಸೆಲ್ ಕಡಿತ. ಕೈದಿಗಳನ್ನು ಒಯ್ಯುವ ವ್ಯಾನು ನಿಂತಲ್ಲೇ ನಿಂತಿತು. ತಾರೀಖು ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಕೊನೆಗೆ ಮನೋರೋಗದ ಡಾಕ್ಟರೊಬ್ಬರು ಬಸ್ಸು ಹಿಡಿದು ಜೈಲಿಗೇ ಬಂದು, ಒಂದೇ ಸಲ ನೋಡಿ ಹೋಗುವುದೆಂದಾಯಿತು.

ಸುದ್ದಿ ಕೇಳಿದ ದುಂಡವ್ವ ಡಾಕ್ಟರು ಬರುವ ಹಿಂದಿನ ದಿನವೇ, ಒಗೆದ ಧೋತರ, ಬೀರಪ್ಪ ದೇವರ ಭಂಡಾರದ ಅರಿಷಿಣ ಹಿಡಿದು ಜೈಲಿಗೆ ಹೊರಟಳು. ಜೊತೆಗೆ ನಾನೂ ಹೋದೆ. ದೊಡ್ಡವರು ನೋಡಲು ಬಂದಾಗ ಮಗ ಬುದ್ಧಿ ನೆಟ್ಟಗಿರುವ ಶಾಣ್ಯಾನಂತೆ ಕಾಣಬೇಕು, ಕಂಡರೆ ಮನೆಗೆ ಬಿಡುತ್ತಾರೆ ಎಂದು ಅವಳು ತಿಳಿದಿದ್ದಳು. ಹುಚ್ಚೆಂದು ಸಾಬೀತಾದರೇ ಶಿಕ್ಷೆ ತಪ್ಪುತ್ತದೆಂದು ಅವಳಿಗೆ ಬಿಡಿಸಿ ಹೇಳುವ ಪುರುಸೊತ್ತು ಯಾವ ಪುಣ್ಯಾತ್ಮನಿಗೂ ಇರಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ.

ಅವಳು ಮಗನ ಹಣೆಗೆ ಭಂಡಾರ ಹಚ್ಚಿ, ಕಂಬಿಗೆ ತಲೆಯೊಡ್ಡಿ, ಅವನ ಕೈಯನ್ನು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಕುರಿ ಮಾತಾಡ್ತಾವು ಅಂತ ಯಾರ ಮುಂದೂ ಹೇಳಬ್ಯಾಡ. ಬೀರಪ್ಪನ ಆಣಿ ಐತಿ, ನನ್ನ ಜೀವದ ಆಣಿ ಐತಿ."

"ಹೇಳಂಗಿಲ್ಲ ಯವ್ವಾ," ಅಂದ ಮಾಳಸಿದ್ದ.

ಮರುದಿನ ಊರು, ವಾರ, ಕುರಿಗೆ ಬರುವ ರೋಗ, ಕೇಳಿದ್ದಕ್ಕೆಲ್ಲ ಅವನು ನೆಟ್ಟಗೆ ಉತ್ತರ ಕೊಟ್ಟ. ಡಾಕ್ಟರು ಕೆಟ್ಟವರಲ್ಲ. ಇದ್ದ ಸ್ವಲ್ಪ ಹೊತ್ತಿನಲ್ಲಿ ಕಂಡದ್ದನ್ನೇ ಬರೆದರು: ಬುದ್ಧಿ ಸ್ಥಿಮಿತದಲ್ಲಿದೆ. ಆಮೇಲೆ ಆಣೆಯ ಸಂಗತಿ ಕೇಳಿದ ಜಿನ್ನಪ್ಪನವರು ತಲೆ ಹಿಡಿದುಕೊಂಡು ಕೂತರು.

"ಏನ್ ಮಾಡಿದಿ ದುಂಡವ್ವ? ಹುಚ್ಚ ಅಂತ ಆಗಿದ್ರ ದವಾಖಾನಿಗೆ ಹೋಗ್ತಿದ್ದ. ಈಗ ಶಾಣ್ಯಾ ಆಗ್ಯಾನ. ಶಾಣ್ಯಾ ಮಾಡಿದ ಕೊಲಿಗೆ ಜನ್ಮಠೇಪ, ಸಾಯೂತನಕ ಜೈಲು."

"ಈಗೇನ್ ಮಾಡೂಣ್ರಿ ವಕೀಲ್ರ?"

"ಜಡ್ಜ್ ಸಾಹೇಬ್ರ ಮುಂದ ಅಂವ ಖುದ್ದ ಬಾಯಿ ಬಿಡಬೇಕು. ಬಿಟ್ರ ಮತ್ತೊಮ್ಮೆ ತಪಾಸಣಿ ಕೇಳ್ತೀನಿ."

ದುಂಡವ್ವ ಜೈಲಿಗೆ ಓಡಿದಳು. ಆ ದಿನ ನೆನೆದರೆ ನನಗೆ ಎಣ್ಣೆಗಾಗಿ ಬಡಿದಾಡಿದವರ ಮೇಲೂ ಸಿಟ್ಟು, ಇವಳ ಮೇಲೂ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಸಂಕಟ. ಆಣೆ ಬಿಟ್ಟೆ ಎಂದಳು, ಬೀರಪ್ಪನಿಗೆ ತಪ್ಪುಕಾಣಿಕೆ ಕಟ್ಟುತ್ತೇನೆ ಎಂದಳು, ಕಂಬಿಗೆ ಹಣೆ ಚಚ್ಚಿಕೊಂಡಳು.

"ಕುರಿ ಮಾತಾಡ್ತಾವು ಅಂತ ಹೇಳೋ ನನ್ನ ಮಗನ. ಸಾಹೇಬ್ರ ಮುಂದ ಹೇಳು."

ಮಾಳಸಿದ್ದ ಕಂಬಿಯೊಳಗಿಂದ ಕೈ ಚಾಚಿ ಅವಳ ತಲೆ ನೇವರಿಸಿದ.

"ಹೇಳಿದ್ರ ನೀ ಸಾಯ್ತಿ ಯವ್ವಾ. ಅಪ್ಪ ಹೋದ, ನೀನರ ಇರು."

ನ್ಯಾಯಾಧೀಶರು ಕೇಳಿದಾಗ ಅವನು ಬಾಯಿ ಬಿಡಲಿಲ್ಲ. ಜೀವಾವಧಿ ಶಿಕ್ಷೆಯಾಯಿತು. ದುಂಡವ್ವ ಬದುಕಿದಳು.